ಐಬಿ ಡಿಪ್ಲೊಮಾದಲ್ಲಿ ಏಳನೇ ವಿಷಯ ತಗೋಬಹುದಾ? ಮಗಳು ಎಕನಾಮಿಕ್ಸೂ ಬಿಡಲ್ಲ, ಫಿಸಿಕ್ಸೂ ಬೇಕು ಅಂತಾಳೆ

ಬನಶಂಕರಿ_ಅಮ್ಮ:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಬರೀತಿದೀನಿ, ಪೂರ್ತಿ ಓದಿ ನಿಮ್ ಅಭಿಪ್ರಾಯ ಹೇಳಿ ಪ್ಲೀಸ್.

ಮಗಳು ಬೆಂಗಳೂರಲ್ಲೇ ಒಂದು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯಟ್) ಸ್ಕೂಲಲ್ಲಿ ಡಿಪಿ, ಅಂದ್ರೆ ಹನ್ನೊಂದು ಹನ್ನೆರಡನೇ ಕ್ಲಾಸಿನ ಡಿಪ್ಲೊಮಾ, ಮೊದಲನೇ ವರ್ಷ, ಕ್ಲಾಸ್ ಶುರುವಾಗಿ ಆರು ವಾರ ಆಯ್ತು. ಹತ್ತರ ತನಕ ಐಸಿಎಸ್‌ಇ ಓದಿದ್ದು. ಈಗ ತಗೊಂಡಿರೋದು ಬಯಾಲಜಿ, ಕೆಮಿಸ್ಟ್ರಿ, ಎಕನಾಮಿಕ್ಸ್ ಮೂರೂ ಎಚ್‌ಎಲ್ (ಹೈಯರ್ ಲೆವೆಲ್, ಹೆಚ್ಚು ಆಳವಾಗಿ ಓದೋದು), ಇಂಗ್ಲಿಷ್ ಎ, ಹಿಂದಿ ಬಿ, ಮ್ಯಾತ್ಸ್ ಎಎ ಮೂರೂ ಎಸ್‌ಎಲ್ (ಸ್ಟ್ಯಾಂಡರ್ಡ್ ಲೆವೆಲ್). ಇದರ ಮೇಲೆ ಏಳನೇದಾಗಿ ಫಿಸಿಕ್ಸ್ ಎಸ್‌ಎಲ್ ತಗೋತೀನಿ ಅಂತಿದಾಳೆ. ಸ್ಕೂಲಿನವರು ಬೇಡ ಅಂತಿಲ್ಲ, ತಗೋ ಅಂತಾನೂ ಅಂತಿಲ್ಲ. ಟೈಮ್‌ಟೇಬಲ್‌ನಲ್ಲಿ ಫಿಸಿಕ್ಸೂ ಎಕನಾಮಿಕ್ಸೂ ಒಂದೇ ಪೀರಿಯಡ್‌ಗೆ ಬರತ್ತೆ, ಹಾಗಾಗಿ ಮಂಗಳವಾರ ಗುರುವಾರ ಸ್ಕೂಲ್ ಬಿಟ್ಟ ಮೇಲೆ ನಾಲ್ಕರಿಂದ ಐದೂವರೆ ತನಕ ಇನ್ನಿಬ್ಬರು ಮಕ್ಕಳ ಜೊತೆ ಹೇಳ್ಕೊಡ್ತೀವಿ, ಒಂದು ಫಾರ್ಮ್ ಇದೆ ಅಪ್ಪ ಅಮ್ಮ ಸೈನ್ ಹಾಕಿ ಈ ತಿಂಗಳೊಳಗೆ ಕೊಡಿ ಅಂದಿದಾರೆ. ಫಾರ್ಮ್ ಫ್ರಿಜ್ ಬಾಗಿಲಿಗೆ ಮ್ಯಾಗ್ನೆಟ್ ಹಾಕಿ ಅಂಟ್ಸಿದೀನಿ, ದಿನಾ ಬೆಳಿಗ್ಗೆ ಹಾಲು ತೆಗೆಯೋವಾಗ ಕಣ್ಣಿಗೆ ಬೀಳತ್ತೆ, ಸೈನ್ ಹಾಕೋಕೆ ಕೈ ಬರ್ತಿಲ್ಲ.

ನಾನು ಶಿವಮೊಗ್ಗದಲ್ಲಿ ಪಿಯುಸಿ ಪಿಸಿಎಂಬಿ ಓದಿದವಳು. ನಮಗೆ ಎರಡು ಭಾಷೆ, ಅದರ ಮೇಲೆ ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾತ್ಸ್ ಬಯಾಲಜಿ, ಅಲ್ಲಿಗೆ ಆರು ಮುಗೀತು, ಮೆಡಿಕಲ್‌ಗೂ ಹೋಗ್ಬಹುದಿತ್ತು ಎಂಜಿನಿಯರಿಂಗ್‌ಗೂ ಹೋಗ್ಬಹುದಿತ್ತು, ಹದಿನಾರನೇ ವಯಸ್ಸಿಗೆ ಯಾವ್ದನ್ನೂ ಕೈಬಿಡೋ ತಾಪತ್ರಯ ಇರ್ಲಿಲ್ಲ. ಇಲ್ಲಿ ಹಾಗಲ್ವಂತೆ. ನಮ್ಮನೆಯವರಿಗೆ ಒಂದೇ ಚಿಂತೆ, ಫಿಸಿಕ್ಸ್ ಇಲ್ದಿದ್ರೆ ನೀಟ್ ಬರೆಯೋ ಹಾಗಿಲ್ಲ, ಸಿಇಟಿ ಮೇಲೆ ಎಂಜಿನಿಯರಿಂಗೂ ಇಲ್ಲ, ನಾಳೆ ಅವಳ ಮನಸ್ಸು ಬದಲಾದ್ರೆ ಏನ್ ಮಾಡೋದು ಅಂತ. ಅವಳು ಅಪ್ಪನ ಮಾತು ಕೇಳಿ, ಆಯ್ತು ಏಳೂ ಓದ್ತೀನಿ ಬಿಡಿ ಅಂದ್ಬಿಟ್ಲು.

ಎಕನಾಮಿಕ್ಸ್ ಬಿಡು ಅನ್ನೋಕೆ ನಂಗೆ ಮನಸ್ಸಿಲ್ಲ. ಮೊನ್ನೆ ಭಾನುವಾರ ರಾತ್ರಿ ಹನ್ನೊಂದೂಮುಕ್ಕಾಲಿಗೆ ನೀರು ಕುಡಿಯೋಕೆ ಎದ್ದಾಗ ನೋಡ್ತೀನಿ, ಊಟದ ಟೇಬಲ್ ಮೇಲೆ ಈರುಳ್ಳಿ ರಫ್ತಿನ ಬಗ್ಗೆ ಪೇಪರ್ ಕಟಿಂಗ್ ಇಟ್ಕೊಂಡು ಸ್ಕೇಲಲ್ಲಿ ಸಪ್ಲೈ ಡಿಮ್ಯಾಂಡ್ ಗೆರೆ ಎಳೀತಾ ಕೂತಿದಾಳೆ, ಮೂರು ಸಲ ಅಳಿಸಿ ಮೂರು ಸಲ ಬರೆದಿದಾಳೆ, ಮುಖದಲ್ಲಿ ಸುಸ್ತೇ ಇಲ್ಲ. ಅಷ್ಟು ಇಷ್ಟಪಟ್ಟು ಓದೋದನ್ನ ಹೇಗೆ ಬಿಡ್ಸೋದು.

ನನ್ನ ಪ್ರಶ್ನೆ ಇಷ್ಟು. ಏಳನೇ ವಿಷಯದ ಮಾರ್ಕ್ಸು ಟೋಟಲ್‌ಗೆ ಸೇರತ್ತಾ? ಸಿಬಿಎಸ್‌ಇನಲ್ಲಿ ಆರನೇ ವಿಷಯ ತಗೊಂಡ್ರೆ ಒಂದ್ರಲ್ಲಿ ಹೋದ್ರೂ ಅದನ್ನ ಇಟ್ಕೋತಾರಲ್ಲ, ಆ ತರ ಇಲ್ಲೂ ಇದೆಯಾ? ಯಾರಾದ್ರೂ ಏಳು ವಿಷಯ ಓದಿ ಮುಗಿಸಿರೋರು ಇದ್ದೀರಾ? ಮಗು ತಡ್ಕೊಳತ್ತಾ?

ತುಮಕೂರು_ಟು_ಹೇಗ್:

ನಮಸ್ತೆ ಆಂಟಿ. ನಾನು ಏಳು ಓದಿದವನು. ನೆದರ್ಲೆಂಡ್ಸ್‌ನ ಹೇಗ್‌ನಲ್ಲಿ ಓದಿದ್ದು, 2023ರ ಮೇನಲ್ಲಿ ಪರೀಕ್ಷೆ ಬರೆದೆ, ಈಗ ಎಂಜಿನಿಯರಿಂಗ್ ಓದ್ತಿದೀನಿ. ನನ್ನದು ಫಿಸಿಕ್ಸ್, ಮ್ಯಾತ್ಸ್ ಎಎ, ಕೆಮಿಸ್ಟ್ರಿ ಎಚ್‌ಎಲ್, ಇಂಗ್ಲಿಷ್, ಡಚ್, ಎಕನಾಮಿಕ್ಸ್ ಎಸ್‌ಎಲ್, ಏಳನೇದು ವಿಷುಯಲ್ ಆರ್ಟ್ಸ್ ಎಸ್‌ಎಲ್.

ಮೊದಲು ನಿಮ್ಮ ಪ್ರಶ್ನೆಗೆ ಉತ್ತರ: ಸೇರಲ್ಲ. ಒಂದು ಪಾಯಿಂಟೂ ಸೇರಲ್ಲ. ರಿಸಲ್ಟ್‌ನಲ್ಲಿ ಬೇರೆಯಾಗಿ ಕಾಣತ್ತೆ, ಅಷ್ಟೆ.

ನಾನು ಯಾಕೆ ತಗೊಂಡೆ ಅಂದ್ರೆ ಚಿತ್ರ ಬಿಡೋಕೆ ಆಗ್ಲಿಲ್ಲ. ಯಾರೂ ತಗೋ ಅಂತ ಹೇಳಿರ್ಲಿಲ್ಲ, ಅಪ್ಪ ಬೇಡ ಅಂತಾನೇ ಹೇಳಿದ್ರು. ಎಸ್‌ಎಲ್‌ಗೆ ನಾಲ್ಕರಿಂದ ಏಳು ಕೃತಿ ಎಕ್ಸಿಬಿಷನ್‌ಗೆ ಇಡ್ಬೇಕಿತ್ತು, ನಾನು ತುಮಕೂರಲ್ಲಿ ಅಜ್ಜಿ ಮನೆ ಅಡುಗೆಮನೆಯನ್ನ ಐದು ಕ್ಯಾನ್ವಾಸ್‌ನಲ್ಲಿ ಮಾಡಿದ್ದೆ, ಒಲೆ ಹೊಗೆ ಹಿಡಿದ ಗೋಡೆ, ಒರಳುಕಲ್ಲು, ನಾಗಂದಿಗೆ ಮೇಲಿನ ಉಪ್ಪಿನಕಾಯಿ ಜಾಡಿ. ಆಯಿಲ್ ಪೇಂಟ್ ಒಣಗೋಕೆ ವಾರಗಟ್ಲೆ ಬೇಕು, ಅಲ್ಲಿ ಚಳಿಗಾಲದಲ್ಲಿ ಇನ್ನೂ ನಿಧಾನ, ನಮ್ಮ ಮನೆ ಪ್ಯಾಸೇಜ್ ತುಂಬ ಕ್ಯಾನ್ವಾಸ್ ನಿಲ್ಸಿದ್ದೆ, ಅಮ್ಮ ಅಡ್ಡಡ್ಡ ನಡ್ಕೊಂಡು ಓಡಾಡ್ತಿದ್ರು. ಅದೇ ಹೊತ್ತಿಗೆ ಕೆಮಿಸ್ಟ್ರಿ ಐಎ (ಶಾಲೇಲೇ ಮಾಡೋ, ಗ್ರೇಡ್‌ಗೆ ಸೇರೋ ಪ್ರಾಜೆಕ್ಟ್) ಡೇಟಾ ಮತ್ತೆ ತೆಗೀಬೇಕಿತ್ತು, ನನ್ನ ಮೊದಲನೇ ರೀಡಿಂಗ್‌ಗಳು ಒಂದಕ್ಕೊಂದು ಹೊಂದ್ತಿರ್ಲಿಲ್ಲ. ಸರ್ ಇನ್ನೊಂದು ಸಲ ಲ್ಯಾಬ್‌ಗೆ ಬಾ ಅಂದ್ರು, ನಾನು ಹೋಗ್ಲಿಲ್ಲ, ಇದ್ದ ಡೇಟಾದಲ್ಲೇ ಬರೆದು ಕೊಟ್ಟೆ. ಕೆಮಿಸ್ಟ್ರಿಗೆ ಏಳಕ್ಕೆ 6 ಪ್ರೆಡಿಕ್ಟ್ ಆಗಿದ್ದು 5 ಬಂತು. ಎಕ್ಸ್‌ಟೆಂಡೆಡ್ ಎಸ್ಸೇ, ಅಂದ್ರೆ ನಾವೇ ಸಂಶೋಧನೆ ಮಾಡಿ ಬರೆಯೋ ಪ್ರಬಂಧ, ಅದನ್ನೂ ಅದೇ ತಿಂಗಳಲ್ಲಿ ಮುಗಿಸಬೇಕಿತ್ತು, 4000 ಪದ, ಕೊನೇ ಸಾವಿರ ಪದ ನಾನು ಎರಡೇ ರಾತ್ರೀಲಿ ಬರೆದಿದ್ದು, ಓದಿದ್ರೆ ಗೊತ್ತಾಗತ್ತೆ. ಒಟ್ಟು 45ಕ್ಕೆ 40 ಅಂದ್ಕೊಂಡಿದ್ದವನಿಗೆ 38 ಬಂತು.

ಸೀಟು ಕೊಡೋವಾಗ ಕಾಲೇಜಿನವರು ಮ್ಯಾತ್ಸ್ ಎಚ್‌ಎಲ್ ಫಿಸಿಕ್ಸ್ ಎಚ್‌ಎಲ್ ನೋಡಿದ್ರು. ಆರ್ಟ್ಸ್ ಬಗ್ಗೆ ಒಬ್ಬರೂ ಒಂದು ಮಾತು ಕೇಳ್ಲಿಲ್ಲ.

ಆದ್ರೂ ಇನ್ನೊಂದ್ಸಲ ಅವಕಾಶ ಸಿಕ್ಕಿದ್ರೂ ನಾನು ಅದನ್ನೇ ಮಾಡ್ತಿದ್ದೆ ಆಂಟಿ. ಆ ಐದು ಚಿತ್ರ ಈಗ ಅಜ್ಜಿ ಮನೆಗೇ ಹೋಗಿವೆ. ನಾನು ಕಳ್ಕೊಂಡ ಎರಡು ಪಾಯಿಂಟು ಯಾವ್ದಕ್ಕೆ ಹೋಯ್ತು ಅಂತ ನಂಗೆ ಗೊತ್ತು, ಅದಕ್ಕೆ ನಂಗೆ ಬೇಜಾರಿಲ್ಲ. ನಿಮ್ಮ ಪೋಸ್ಟ್ ಓದಿದ್ರೆ ಮಗಳಿಗೆ ಎಕನಾಮಿಕ್ಸ್ ಇಷ್ಟ ಅಂತ ಗೊತ್ತಾಗತ್ತೆ, ಫಿಸಿಕ್ಸ್ ಅವಳಿಗೆ ಇಷ್ಟಾನಾ ಅಂತ ನೀವು ಎಲ್ಲೂ ಬರೆದಿಲ್ಲ. ಅದೊಂದು ಕೇಳಿ ನೋಡಿ.

ಕೆಮಿಸ್ಟ್ರಿ_ಮೇಷ್ಟ್ರು:

ಮೇಡಂ, ನಾನು ಐಬಿ ಶಾಲೆಯಲ್ಲಿ ಪಾಠ ಮಾಡ್ತೀನಿ, ಕೆಲವು ವರ್ಷ ಡಿಪಿ ಕೋಆರ್ಡಿನೇಟರ್ ಕೆಲಸಾನೂ ಮಾಡಿದೀನಿ. ಮೇಲಿನ ಹುಡುಗ ಹೇಳಿದ್ದು ಸರಿ. ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ತುಂಬಾ ಜನ ಇದೇ ಕೇಳ್ತಾರೆ.

ಒಟ್ಟು 45. ಆರು ವಿಷಯಕ್ಕೆ ಏಳೇಳು, 42. ಉಳಿದ ಮೂರು ಟಾಕ್ (ಥಿಯರಿ ಆಫ್ ನಾಲೆಡ್ಜ್, ತಿಳುವಳಿಕೆ ಹೇಗೆ ಬರತ್ತೆ ಅಂತ ಯೋಚಿಸೋ ಕೋರ್ಸ್) ಮತ್ತು ಎಕ್ಸ್‌ಟೆಂಡೆಡ್ ಎಸ್ಸೇ ಸೇರಿ. ಏಳನೇ ವಿಷಯದಲ್ಲಿ 7 ತೆಗೆದ್ರೂ ಈ ಲೆಕ್ಕಕ್ಕೆ ಸೊನ್ನೆ. ಸಿಬಿಎಸ್‌ಇ ತರ ಹೋದ ವಿಷಯದ ಜಾಗಕ್ಕೆ ಅದನ್ನ ತಂದು ಕೂರಿಸೋ ಪದ್ಧತಿ ಇಲ್ಲ, ಏಳರಲ್ಲಿ ಒಳ್ಳೇ ಆರು ಆರಿಸ್ಕೊಳ್ಳೋದೂ ಇಲ್ಲ, ಡಿಪ್ಲೊಮಾಗೆ ಯಾವ ಆರು ಅಂತ ರಿಜಿಸ್ಟರ್ ಮಾಡೋವಾಗಲೇ ಬರೆದು ಕೊಡ್ಬೇಕು. ಈಗ ಯೋಚನೆ ಮಾಡಿ, ಒಬ್ಬ ಮಗು ಫಿಸಿಕ್ಸ್‌ಗೆ ವಾರಕ್ಕೆ ಐದಾರು ಗಂಟೆ ಹಾಕತ್ತೆ, ಆ ಟೈಮು ಎಲ್ಲಿಂದ ಬರತ್ತೆ? ಕ್ಲಾಸ್ ಬಿಡೋಕಾಗಲ್ಲ, ಐಎ ಡೆಡ್‌ಲೈನ್ ಬಿಡೋಕಾಗಲ್ಲ. ನಾನು ನೋಡಿರೋ ಹಾಗೆ ಅದು ಬರೋದು ಎಸ್ಸೇ ಮತ್ತು ಟಾಕ್‌ನಿಂದ, ಆಮೇಲೆ ನಿದ್ದೆಯಿಂದ. ಅಂದ್ರೆ ಮೂರು ಪಾಯಿಂಟ್ ಕೊಡೋದನ್ನ ಕಡಿಮೆ ಮಾಡಿ ಸೊನ್ನೆ ಪಾಯಿಂಟ್ ಕೊಡೋದಕ್ಕೆ ಹಾಕಿದ ಹಾಗೆ. ಎಸ್ಸೇ ಅಥವಾ ಟಾಕ್ ಎರಡ್ರಲ್ಲಿ ಯಾವ್ದಾದ್ರೂ ಒಂದಕ್ಕೆ ಇ ಗ್ರೇಡ್ ಬಂದ್ರೆ ಡಿಪ್ಲೊಮಾನೇ ಸಿಗಲ್ಲ, ಅದನ್ನ ನೆನಪಿಟ್ಕೊಳ್ಳಿ.

ಗಂಟೆ ಲೆಕ್ಕದಲ್ಲಿ ಎಚ್‌ಎಲ್ ಒಂದಕ್ಕೆ 240, ಎಸ್‌ಎಲ್‌ಗೆ 150. ಮೂರು ಮೂರು ಸೇರಿ 1170, ಟಾಕ್ 100. ಇದರ ಮೇಲೆ ಇನ್ನೊಂದು ಎಸ್‌ಎಲ್ ಅಂದ್ರೆ 150 ಗಂಟೆ ಪಾಠ. ಇದು ಬರೀ ಪಾಠದ ಲೆಕ್ಕ. ನಿಮ್ಮ ಮಗಳಿಗೆ ಈಗಾಗಲೇ ಬಯಾಲಜಿ ಐಎ, ಕೆಮಿಸ್ಟ್ರಿ ಐಎ, ಎಕನಾಮಿಕ್ಸ್‌ಗೆ ಸುದ್ದಿ ಇಟ್ಕೊಂಡು ಬರೆಯೋ 800 ಪದದ ಮೂರು ಕಾಮೆಂಟರಿ, ಮ್ಯಾತ್ಸ್ ಎಕ್ಸ್‌ಪ್ಲೊರೇಷನ್, ಇಂಗ್ಲಿಷ್ ಹಿಂದಿ ಎರಡಕ್ಕೂ ಓರಲ್, ಟಾಕ್ ಎಕ್ಸಿಬಿಷನ್, ಟಾಕ್ ಎಸ್ಸೇ, ಕ್ಯಾಸ್ (ಕಲೆ, ಆಟ, ಸೇವೆಯ ಚಟುವಟಿಕೆ) ಹದಿನೆಂಟು ತಿಂಗಳು. ಫಿಸಿಕ್ಸ್ ಬಂದ್ರೆ ಮೂರನೇ ಸೈನ್ಸ್ ಐಎ, 3000 ಪದದ ತನಕ. ಪಾಠ ಹೇಗೋ ನಡೆಯತ್ತೆ ಮೇಡಂ, ಮಕ್ಕಳು ಬುದ್ಧಿವಂತರೇ. ಕಷ್ಟ ಆಗೋದು ಎರಡನೇ ವರ್ಷದ ಆಗಸ್ಟ್‌ನಿಂದ ಡಿಸೆಂಬರ್, ಎಲ್ಲಾ ಐಎಗಳೂ ಎಸ್ಸೇನೂ ಕಾಲೇಜ್ ಅಪ್ಲಿಕೇಷನ್ನೂ ಒಟ್ಟಿಗೆ ಬಂದು ಬೀಳತ್ತೆ. ನನ್ನ ಕ್ಲಾಸಲ್ಲಿ ಏಳು ಅಂತ ಶುರು ಮಾಡಿದ ಮಕ್ಕಳಲ್ಲಿ ಹೆಚ್ಚಿನವರು ಆ ಹೊತ್ತಿಗೆ ಆರಕ್ಕೆ ಇಳಿದಿದ್ರು.

ಈಗ ಮುಖ್ಯ ವಿಷಯ. ನೀವು ಪಿಸಿಎಂಬಿ ಅಂದ್ರಲ್ಲ, ಅದು ಐಬಿನಲ್ಲೂ ಆರರ ಒಳಗೇ ಆಗತ್ತೆ, ಇದನ್ನ ಎಲ್ಲಾ ಶಾಲೆಯವರೂ ತಾವಾಗೇ ಹೇಳಲ್ಲ. ವಿಷಯಗಳನ್ನ ಎರಡು ಭಾಷೆ, ಸಮಾಜ, ಸೈನ್ಸ್, ಮ್ಯಾತ್ಸ್, ಆರ್ಟ್ಸ್ ಅಂತ ಆರು ಗುಂಪು ಮಾಡಿರ್ತಾರೆ. ಸಾಮಾನ್ಯವಾಗಿ ಒಂದು ಸೈನ್ಸು, ಆರ್ಟ್ಸ್ ಜಾಗಕ್ಕೆ ಇನ್ನೊಂದು ಸೈನ್ಸು, ಎರಡಕ್ಕಿಂತ ಹೆಚ್ಚು ಹಿಡಿಸಲ್ಲ, ಯಾಕಂದ್ರೆ ಎಕನಾಮಿಕ್ಸ್ ಹಿಸ್ಟರಿ ತರದ ಒಂದು ಸಮಾಜ ವಿಷಯ ಇರ್ಲೇಬೇಕು. ಆದ್ರೆ ಯೂನಿವರ್ಸಿಟಿ ಸೇರೋಕೆ ಮೂರು ಸೈನ್ಸ್ ಕಡ್ಡಾಯ ಅಂತ ದಾಖಲೆ ತೋರಿಸಿದ್ರೆ ಆ ಸಮಾಜ ವಿಷಯದ ಬದಲು ಮೂರನೇ ಸೈನ್ಸ್ ತಗೊಳ್ಳೋಕೆ ಐಬಿಯವರು ಒಪ್ಪಿಗೆ ಕೊಡ್ತಾರೆ, ನಾನ್ ರೆಗ್ಯುಲರ್ ಡಿಪ್ಲೊಮಾ ಅಂತಾರೆ. ಶಾಲೆಯ ಕೋಆರ್ಡಿನೇಟರ್ ಮೂಲಕಾನೇ ಕೇಳ್ಬೇಕು. ಆಗ ಇಂಗ್ಲಿಷ್, ಹಿಂದಿ, ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್, ಬಯಾಲಜಿ. ನೀವು ಶಿವಮೊಗ್ಗದಲ್ಲಿ ಓದಿದ್ದೇ. ಫಿಸಿಕ್ಸ್ ಮಾರ್ಕ್ಸೂ 42ರ ಒಳಗೇ ಬರತ್ತೆ. ಕೊಡಬೇಕಾದ ಬೆಲೆ ಎಕನಾಮಿಕ್ಸ್.

ಮತ್ತೆ ಹೊರದೇಶದ ಆಸೆ ಇದ್ರೆ ಆ ದೇಶದ ನಿಯಮ ಮೊದಲು ನೋಡಿ. ಜರ್ಮನಿಯಲ್ಲಂತೂ ಬರೀ ಪಾಯಿಂಟ್ ನೋಡಿ ಬಿಡಲ್ಲ, ಯಾವ ಯಾವ ವಿಷಯ ಓದಿದೀರಿ ಅಂತ ಒಂದೊಂದಾಗಿ ನೋಡ್ತಾರೆ.

ಹುಬ್ಬಳ್ಳಿ_ದುಬೈ:

ನಮಸ್ಕಾರ್ರಿ ಅಕ್ಕಾರ. ನನ್ ಮಗಳೂ ಹಿಂಗ ಏಳು ತೊಗೊಂಡಿದ್ಲ್ರಿ, ಏಳನೇದು ಕಂಪ್ಯೂಟರ್ ಸೈನ್ಸು. ಸಾಲಿಯವ್ರು ಏನೂ ತೊಂದ್ರಿ ಆಗೂದಿಲ್ಲ ಅಂದ್ರು, ಎಕ್ಸ್‌ಟ್ರಾ ಫೀಸೂ ತೊಗೊಂಡ್ರು, ಆಮ್ಯಾಲ ಆ ಟೀಚರ್ ಬಿಟ್ಟು ಹ್ವಾದ್ರು, ಇನ್ನೊಬ್ರು ಬಂದ್ರು, ಅವ್ರೂ ಹ್ವಾದ್ರು. ಮೂರ ಮಂದಿ ಹುಡುಗರ ಸಂಬಂಧ ಹೊಸಾ ಟೀಚರ್ ಯಾಕ್ ಹುಡುಕ್ತಾರ್ರಿ ಅವ್ರು, ಯೂಟ್ಯೂಬ್ ನೋಡ್ಕೊಂಡು ಓದ್ರಿ ಅಂದ್ರು. ಟೈಮ್‌ಟೇಬಲ್ ಹೊರಗ ಇರೋ ಕ್ಲಾಸಿಗೆ ಯಾರೂ ಜವಾಬ್ದಾರಿ ತೊಗೊಳ್ಳಂಗಿಲ್ರಿ, ಇದನ್ನ ಮದ್ಲ ಕೇಳ್ರಿ, ಟೀಚರ್ ಬಿಟ್ರ ಏನ್ ಮಾಡ್ತೀರಿ ಅಂತ ಬರದು ಕೊಡ್ರಿ ಅನ್ರಿ.

ನಾವು ಜನವರಿಯೊಳಗ ಬಿಡಿಸಿದ್ವಿ. ನನಗ ಅನಿಸಿತ್ತು ಬಿಟ್ರ ಹಗುರ ಆಗ್ತಾಳ ಅಂತ. ಹಂಗಾಗ್ಲಿಲ್ರಿ. ಎರಡು ವಾರ ನಮ್ ಕೂಡ ಸರಿಯಾಗಿ ಮಾತಾಡ್ಲಿಲ್ಲ, ನಾನ್ ಸೋತ್ ಹೋದೆ ಅಂತ ಅವ್ರವ್ವನ ಮುಂದ ಅತ್ತಾಳ. ಆರು ವಿಷಯ ಛಲೋ ಓದೋ ಹುಡುಗಿ, ಆಕಿಗೆ ಸೋಲು ಅನ್ನಿಸಿದ್ದು ಯಾಕ ಅಂದ್ರ ನಾವ ಮದ್ಲ ಏಳು ಅಂತ ಎಲ್ಲಾರ ಮುಂದ ಹೇಳ್ಕೊಂಡು ಅಡ್ಡಾಡಿದ್ವಿ, ಊರಾಗ ಅಜ್ಜಾಗೂ ಫೋನ್ ಮಾಡಿ ಹೇಳಿದ್ದೆ. ಅದು ನಂದ ತಪ್ಪು.

ಅದಕ್ಕ ನಂದೊಂದು ಮಾತು ಕೇಳ್ರಿ. ಸೈನ್ ಮಾಡೋದಿದ್ರ ಆ ಫಾರ್ಮ್ ಮ್ಯಾಲ ಇವತ್ತ ಒಂದು ತಾರೀಖು ಬರೀರಿ. ಆ ತಾರೀಖಿಗೆ ಮಗಳು, ನೀವು, ನಿಮ್ ಯಜಮಾನ್ರು ಮೂರೂ ಮಂದಿ ಕುಂತು ಮುಂದುವರಸೂದೋ ಬಿಡೂದೋ ನೋಡೋದು ಅಂತ. ಮದ್ಲ ಬರದಿಟ್ರ ಬಿಡೂವಾಗ ಸೋತಂಗ ಅನ್ಸಂಗಿಲ್ಲ. ಮತ್ತ ಊರಾಗ ಯಾರಿಗೂ ಹೇಳಬ್ಯಾಡ್ರಿ.

ಬನಶಂಕರಿ_ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹುಬ್ಬಳ್ಳಿ ಅಣ್ಣ, ನೀವು ಬರೆದಿದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ, ನಾವೂ ಆಗಲೇ ನಾದಿನಿ ಮನೇಲಿ ಏಳು ವಿಷಯ ಅಂತ ಹೇಳಿ ಆಗಿದೆ.

ಮೇಷ್ಟ್ರೇ, ಈ ನಾನ್ ರೆಗ್ಯುಲರ್ ವಿಷಯ ನಮಗೆ ಯಾರೂ ಹೇಳಿರ್ಲಿಲ್ಲ. ನಮ್ಮನೆಯವರು ಕೇಳಿದ ತಕ್ಷಣ ಅದನ್ನೇ ಮಾಡ್ಸೋಣ ಅಂದ್ರು, ಮಗಳ ಮುಖ ಸಣ್ಣಗಾಯ್ತು. ಎನ್ವಿರಾನ್‌ಮೆಂಟಲ್ ಸಿಸ್ಟಮ್ಸ್ ಅಂತ ಒಂದಿದೆ ಅದು ಎರಡು ಗುಂಪಿಗೂ ಲೆಕ್ಕ ಆಗತ್ತಂತೆ, ಅದನ್ನ ತಗೊಂಡ್ರೆ ಉಪಾಯ ಆಗತ್ತಾ ಅಂತ ಒಬ್ರು ಹೇಳಿದ್ರು, ನಿಜಾನಾ? ಇನ್ನೊಂದು, ಐಬಿ ಓದ್ತಾ ನೀಟ್ ಬರೆದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಎಲ್ಲಾರೂ ಅರ್ಹತೆ ಬಗ್ಗೆನೇ ಮಾತಾಡ್ತಾರೆ, ನಿಜವಾಗಿ ಬರೆಯೋಕಾಗತ್ತಾ ಅಂತ ಯಾರೂ ಹೇಳ್ತಿಲ್ಲ.

ಮೈಸೂರು_ಸೆಕೆಂಡ್_ಇಯರ್:

ಆಂಟಿ ನಾನು ಬರೆದಿದೀನಿ. ಈಗ ಎಂಬಿಬಿಎಸ್ ಎರಡನೇ ವರ್ಷ. ನಂದೂ ನಿಮ್ ಮಗಳ ಕಥೇನೇ, ಬಯಾಲಜಿ ಕೆಮಿಸ್ಟ್ರಿ ಎಚ್‌ಎಲ್, ಫಿಸಿಕ್ಸ್ ಏಳನೇದು.

2023ರಲ್ಲಿ ನನ್ನ ಐಬಿ ಪರೀಕ್ಷೆ ಏಪ್ರಿಲ್ ಕೊನೇಲಿ ಶುರುವಾಯ್ತು, ಮೇ 7 ಭಾನುವಾರ ನೀಟ್. ಅಂದ್ರೆ ಶುಕ್ರವಾರದ ತನಕ ಐಬಿ ಪೇಪರು, ಶನಿವಾರ ಒಂದು ದಿನ, ಭಾನುವಾರ ನೀಟ್, ಸೋಮವಾರದಿಂದ ಮತ್ತೆ ಐಬಿ. ಆಮೇಲೆ ನೋಡಿದ್ರೆ 2024ರಲ್ಲಿ ಮೇ 5, 2025ರಲ್ಲಿ ಮೇ 4, ಎಲ್ಲಾ ಅದೇ ಮಧ್ಯಕ್ಕೇ. ಸಿಇಟಿ 2024, 2025ರಲ್ಲಿ ಏಪ್ರಿಲ್ ಮಧ್ಯಕ್ಕೆ ಬಂತು, ಅದು ಐಬಿಗೆ ಕೊನೇ ಓದು ಓದೋ ಸಮಯ.

ಅದಕ್ಕಿಂತ ದೊಡ್ಡ ಕಷ್ಟ ಬರೆಯೋ ರೀತಿ. ಐಬಿನಲ್ಲಿ ಎರಡು ವರ್ಷ ಯಾಕೆ, ಹೇಗೆ, ಈ ಗ್ರಾಫ್ ಏನು ಹೇಳತ್ತೆ, ಈ ಪ್ರಯೋಗದಲ್ಲಿ ದೋಷ ಎಲ್ಲಿ ಅಂತ ಯೋಚನೆ ಮಾಡಿ ಅಭ್ಯಾಸ. ನೀಟ್‌ನಲ್ಲಿ ಒಂದು ಪ್ರಶ್ನೆಗೆ ಒಂದು ನಿಮಿಷ, ಎನ್‌ಸಿಇಆರ್‌ಟಿ ಬಯಾಲಜಿ ಪುಸ್ತಕದ ಸಾಲು ಸಾಲು ಬಾಯಲ್ಲಿರ್ಬೇಕು. ಫಿಸಿಕ್ಸ್ 720ರಲ್ಲಿ 180 ಮಾರ್ಕ್ಸು. ನಂಗೆ ಐಬಿ ಫಿಸಿಕ್ಸ್ ಎಸ್‌ಎಲ್‌ನಲ್ಲಿ 6 ಬಂತು, ನೀಟ್ ಫಿಸಿಕ್ಸ್‌ನಲ್ಲಿ ಅರ್ಧ ಪ್ರಶ್ನೆ ಮುಟ್ಟೋಕೇ ಆಗ್ಲಿಲ್ಲ. ಎಸ್‌ಎಲ್ ಫಿಸಿಕ್ಸ್ ಓದಿದ್ರೆ ನೀಟ್ ಫಿಸಿಕ್ಸ್ ಓದಿದ ಹಾಗೆ ಅಂತ ದಯವಿಟ್ಟು ಅಂದ್ಕೋಬೇಡಿ. ಅದು ಅರ್ಹತೆಗೆ ಮಾತ್ರ, ಪರೀಕ್ಷೆಗೆ ಮತ್ತೆ ಮೊದಲಿಂದ ಓದ್ಬೇಕು.

ಆ ವರ್ಷ ಸೀಟ್ ಸಿಗ್ಲಿಲ್ಲ. ಒಂದು ವರ್ಷ ಮನೇಲಿ ಕೂತು ಬರೀ ನೀಟ್‌ಗೆ ಓದ್ದೆ, 2024ರಲ್ಲಿ ಬಂತು. ಆ ವರ್ಷ ಬೆಳಿಗ್ಗೆ ಐದಕ್ಕೆ ಅಮ್ಮ ಕಾಫಿ ಇಟ್ಟು ಹೋಗೋರು, ನಾನು ಎನ್‌ಸಿಇಆರ್‌ಟಿ ಹನ್ನೊಂದನೇ ಕ್ಲಾಸಿನ ಪುಸ್ತಕ ಮೊದಲನೇ ಪುಟದಿಂದ ತೆಗೆದು ಕೂತ್ಕೋತಿದ್ದೆ, ಐಬಿ ಮುಗಿಸಿದವಳು. ನಂಗೆ ಡಾಕ್ಟ್ರೇ ಆಗ್ಬೇಕು ಅಂತ ಏಳನೇ ಕ್ಲಾಸಿಂದ ಇತ್ತು ಹಾಗಾಗಿ ಕೂತೆ. ಅದಿಲ್ದೆ ಇದ್ದಿದ್ರೆ ಎರಡೇ ತಿಂಗಳಿಗೆ ಎದ್ದು ಹೋಗ್ತಿದ್ದೆ.

ಇನ್ನೊಂದು, ಅಡ್ಮಿಷನ್ ಟೈಮಲ್ಲಿ ಕಾಗದಪತ್ರಕ್ಕೆ ತುಂಬಾ ಓಡಾಡಿದೆ. ಮೂರು ಸೈನ್ಸ್‌ನಲ್ಲಿ ಎಚ್‌ಎಲ್ ಇರ್ಬೇಕಾ ಎಸ್‌ಎಲ್ ಸಾಕಾ, ಏಳನೇ ವಿಷಯವಾಗಿ ಓದಿದ್ದು ಒಪ್ತಾರಾ, ಇದನ್ನೆಲ್ಲಾ ಎಐಯುಗೆ (ಅಸೋಸಿಯೇಷನ್ ಆಫ್ ಇಂಡಿಯನ್ ಯೂನಿವರ್ಸಿಟೀಸ್, ಹೊರಗಿನ ಬೋರ್ಡ್‌ಗಳಿಗೆ ಇಲ್ಲಿ ಸಮಾನತೆ ಕೊಡೋರು) ಈಗಲೇ ಮೇಲ್ ಮಾಡಿ, ಉತ್ತರ ಬರಹದಲ್ಲಿ ಇಟ್ಕೊಳ್ಳಿ. ಸ್ಕೂಲ್ ಕೌನ್ಸೆಲರ್ ಬಾಯಲ್ಲಿ ಹೇಳಿದ್ದು ಕೌನ್ಸೆಲಿಂಗ್ ಟೇಬಲ್ ಹತ್ರ ಕೆಲಸಕ್ಕೆ ಬರಲ್ಲ.

ಕೆಮಿಸ್ಟ್ರಿ_ಮೇಷ್ಟ್ರು:

ಈ ಹುಡುಗಿ ಬರೆದಿದ್ದನ್ನ ನಿಮ್ಮ ಯಜಮಾನರಿಗೆ ಓದಿಸಿ ಮೇಡಂ, ನಾನು ಹೇಳೋದಕ್ಕಿಂತ ಅದು ಹೆಚ್ಚು.

ಎನ್ವಿರಾನ್‌ಮೆಂಟಲ್ ಸಿಸ್ಟಮ್ಸ್ ಬಗ್ಗೆ: ಅದು ಸೈನ್ಸ್ ಗುಂಪಿಗೂ ಸಮಾಜ ವಿಷಯದ ಗುಂಪಿಗೂ ಲೆಕ್ಕ ಆಗತ್ತೆ, ನಿಜ. ಆದ್ರೆ ಅದೂ ಆರರಲ್ಲಿ ಒಂದು ಜಾಗ ತಿನ್ನತ್ತೆ. ಎರಡು ಭಾಷೆ, ಮ್ಯಾತ್ಸ್, ಇದು, ಉಳಿಯೋದು ಎರಡೇ. ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಮೂರೂ ಹಿಡಿಸಲ್ಲ, ಮೇಲಾಗಿ ಎಕನಾಮಿಕ್ಸೂ ಹೋಗತ್ತೆ.

ಫಿಸಿಕ್ಸ್ ಶುರು ಮಾಡಿದ್ರೂ ಎರಡನೇ ವರ್ಷದ ನವೆಂಬರ್ 15 ರಿಜಿಸ್ಟ್ರೇಷನ್‌ಗೆ ಮೊದಲನೇ ಗಡುವು, ಅಲ್ಲಿ ತನಕ ಪರೀಕ್ಷೆ ಫೀಸ್ ಕಟ್ಟದೆ ಬಿಡ್ಬಹುದು. ಆದ್ರೆ ಹುಬ್ಬಳ್ಳಿಯವರು ಹೇಳಿದ ತಾರೀಖು ಅದಕ್ಕಿಂತ ತುಂಬಾ ಮುಂಚೆ ಇಡಿ, ಮೊದಲನೇ ವರ್ಷದ ಡಿಸೆಂಬರ್ ರಜೆ ಒಳ್ಳೇದು. ಅಷ್ಟು ಹೊತ್ತಿಗೆ ಎಲ್ಲಾ ವಿಷಯದಲ್ಲೂ ಒಂದೊಂದು ಟೆಸ್ಟ್ ಆಗಿರತ್ತೆ. ಆರು ವಿಷಯದಲ್ಲಿ ಯಾವ್ದಾದ್ರೂ ಒಂದು ಗ್ರೇಡ್ ಇಳಿದಿದ್ರೆ ಏಳನೇದು ನಿಲ್ಸಿ, ಚರ್ಚೆ ಬೇಡ.

ಬನಶಂಕರಿ_ಅಮ್ಮ:

ನಿನ್ನೆ ರಾತ್ರಿ ಊಟ ಆದ್ಮೇಲೆ ಮೂರೂ ಜನ ಕೂತು ಎಲ್ಲಾರ ಉತ್ತರಾನೂ ಜೋರಾಗಿ ಓದಿದ್ವಿ. ಹೇಗ್ ಹುಡುಗ ಹೇಳಿದ ಪ್ರಶ್ನೆ ಕೇಳ್ದೆ, ಫಿಸಿಕ್ಸ್ ನಿಂಗೆ ಇಷ್ಟಾನಾ ಅಂತ. ಸ್ವಲ್ಪ ಹೊತ್ತು ಸುಮ್ನಿದ್ಲು. ಆಮೇಲೆ, ಇಷ್ಟ ಅಂತಲ್ಲ, ಬೇಡ ಅಂದ್ರೆ ಅಪ್ಪಂಗೆ ಬೇಜಾರಾಗತ್ತಲ್ಲ ಅಂದ್ಲು. ಅವಳಿಗೆ ಆಸೆ ಇರೋದು ಬಯಾಲಜಿ ಎಕನಾಮಿಕ್ಸ್ ಎರಡೂ ಸೇರೋ ಕಡೆ, ಜನರ ಆರೋಗ್ಯ, ಆಸ್ಪತ್ರೆ ಖರ್ಚು, ಲಸಿಕೆ ಬೆಲೆ ಯಾರು ತೀರ್ಮಾನ ಮಾಡ್ತಾರೆ ಅಂತ ಏನೇನೋ ಹೇಳಿದ್ಲು, ಅಷ್ಟೊಂದು ಯೋಚನೆ ಮಾಡಿದಾಳೆ ಅಂತ ನಮ್ಮಿಬ್ಬರಿಗೂ ಗೊತ್ತೇ ಇರ್ಲಿಲ್ಲ. ನಮ್ಮನೆಯವರು ಏನೂ ಮಾತಾಡ್ಲಿಲ್ಲ. ಬೆಳಿಗ್ಗೆ ಹಾಲು ತೆಗೆಯೋಕೆ ಹೋದ್ರೆ ಫಾರ್ಮ್ ಫ್ರಿಜ್ ಮೇಲೆ ಇರ್ಲಿಲ್ಲ, ಅವರು ಮಡಿಚಿ ಅವಳ ಕೆಮಿಸ್ಟ್ರಿ ಪುಸ್ತಕದೊಳಗೆ ಇಟ್ಟಿದ್ರು, ಸೈನ್ ಹಾಕಿರ್ಲಿಲ್ಲ.

ಗುರುವಾರ ಮೂರು ಗಂಟೆಗೆ ಕೋಆರ್ಡಿನೇಟರ್ ಹತ್ರ ಹೋಗ್ತಿದೀವಿ, ಮೂರೂ ಜನಾನೂ. ಎಐಯುಗೂ ಮೇಲ್ ಹಾಕಿದೀನಿ. ಒಂದೇ ಒಂದು ಉಳಿದಿದೆ ಮೇಷ್ಟ್ರೇ, ಇದು ನಮ್ಮನೆಯವರ ಪ್ರಶ್ನೆ: ಡಿಪ್ಲೊಮಾ ಮುಗಿದ ಮೇಲೆ ಅವಳಿಗೇ ಮನಸ್ಸಾಗಿ ನೀಟ್ ಬರೀತೀನಿ ಅಂದ್ರೆ, ಆಗ ಫಿಸಿಕ್ಸ್ ಒಂದನ್ನೇ ಬರೆಯೋಕೆ ದಾರಿ ಇದೆಯಾ?

ಕೆಮಿಸ್ಟ್ರಿ_ಮೇಷ್ಟ್ರು:

ಇದೆ ಮೇಡಂ. ಐಬಿನಲ್ಲಿ ಒಂದೇ ವಿಷಯಕ್ಕೆ ಕೋರ್ಸ್ ಕ್ಯಾಂಡಿಡೇಟ್ ಅಂತ ಆಮೇಲೆ ಬರೀಬಹುದು, ಐಎ ಮಾಡ್ಸೋಕೆ ಒಪ್ಪೋ ಶಾಲೆ ಬೇಕು, ಗುರುವಾರ ಹೋದಾಗ ನಿಮ್ಮ ಶಾಲೆ ಒಪ್ಪತ್ತಾ ಅಂತ ಕೇಳಿ. ಹನ್ನೆರಡನೇ ಕ್ಲಾಸ್ ಆದ್ಮೇಲೆ ಹೆಚ್ಚುವರಿ ವಿಷಯವಾಗಿ ಓದಿದವರೂ ನೀಟ್ ಬರೀಬಹುದು ಅಂತ ಮೆಡಿಕಲ್ ಕಮಿಷನ್‌ನವರು 2023ರ ನವೆಂಬರ್‌ನಲ್ಲಿ ನೋಟಿಸ್ ಹೊರಡ್ಸಿದಾರೆ, ಅದರ ಪ್ರಿಂಟ್ ತೆಗೆದಿಟ್ಕೊಳ್ಳಿ, ಐಬಿಯವರಿಗೆ ಅದು ಹೇಗೆ ಅನ್ವಯ ಆಗತ್ತೆ ಅನ್ನೋದನ್ನೂ ಅದೇ ಮೇಲ್‌ನಲ್ಲಿ ಕೇಳಿ. ಯಜಮಾನರಿಗೆ ಹೇಳಿ, ಫಿಸಿಕ್ಸ್ ಎಲ್ಲಿಗೂ ಓಡಿ ಹೋಗಲ್ಲ. ಮತ್ತೆ ಆ ಈರುಳ್ಳಿ ಕಾಮೆಂಟರಿ ಎಕನಾಮಿಕ್ಸ್ ಟೀಚರ್‌ಗೆ ತೋರಿಸೋ ಮುಂಚೆ ಸುದ್ದಿಯ ತಾರೀಖು ಒಂದ್ಸಲ ನೋಡ್ಕೊಳ್ಳೋಕೆ ಹೇಳಿ, ಹಳೇದಾಗಿದ್ರೆ ತಗೊಳ್ಳಲ್ಲ, ಬರೆಯೋಕೆ ಶುರು ಮಾಡೋವಾಗ ಒಂದು ವರ್ಷದೊಳಗಿನದು ಇರ್ಬೇಕು.